ಪ್ಯಾನ್ ಗ್ರಾನ್ಯುಲೇಟರ್ ತಂದೆವು, ಕಾಳು ಕಟ್ಟುತ್ತಿಲ್ಲ. ಬೇರೆ ಮಷಿನ್ ಬೇಕಾ?

ರಾಣೆಬೆನ್ನೂರು ಎರೆಗೊಬ್ಬರ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಮ್ಮ ರಾಣೆಬೆನ್ನೂರು ಹತ್ತಿರ ಎರೆಹುಳು ಗೊಬ್ಬರ ಮಾಡುತ್ತೇವೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಗಸಿ, ಅಂದರೆ ಪ್ರೆಸ್‌ಮಡ್ ತಂದು ಕೊಳೆಸಿ ಅದಕ್ಕೆ ಸೇರಿಸುತ್ತೇವೆ. ಗೊಬ್ಬರ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಪುಡಿ ಮಾರುವುದು ಕಷ್ಟ. ರೈತರು ಕೇಳುವುದು ಒಂದೇ ಮಾತು, ‘ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬೀಳುತ್ತದಾ?’ ಪುಡಿ ಬೀಳುವುದಿಲ್ಲ. ಡಬ್ಬಿಯಲ್ಲೇ ಕಟ್ಟಿಕೊಂಡು ಕೂರುತ್ತದೆ.

ಅದಕ್ಕೇ ಎರಡು ತಿಂಗಳ ಹಿಂದೆ 1.2 ಮೀಟರ್ ಅಗಲದ ಪ್ಯಾನ್ ಗ್ರಾನ್ಯುಲೇಟರ್ ತಂದೆವು. ಓರೆಯಾಗಿ ನಿಲ್ಲಿಸಿದ ದೊಡ್ಡ ತಟ್ಟೆ, ತಿರುಗುತ್ತದೆ, ಪುಡಿ ಹಾಕಿ ನೀರು ಚಿಮುಕಿಸಬೇಕು, ಅಷ್ಟೇ ಅಂದಿದ್ದರು. ನಮಗೆ ಬರುತ್ತಿರುವುದು ಏನೆಂದರೆ, ಅರ್ಧ ಪುಡಿಯಾಗೇ ಉಳಿಯುತ್ತದೆ. ಉಳಿದದ್ದು ನಿಂಬೆಹಣ್ಣಿನಷ್ಟು ದಪ್ಪ ಉಂಡೆ. ನಡುವಿನ ಜೋಳದ ಗಾತ್ರದ ಕಾಳು ಸ್ವಲ್ಪವೇ. ಅದನ್ನೂ ಒಣಗಿಸಿ ಚೀಲ ತುಂಬಿ ನಾಲ್ಕು ದಿನ ಬಿಟ್ಟು ನೋಡಿದರೆ ತಳದಲ್ಲೆಲ್ಲ ಪುಡಿ.

ಮಾರಿದವರನ್ನು ಕೇಳಿದರೆ ಇನ್ನೂ ದೊಡ್ಡ ಪ್ಯಾನ್ ತಗೊಳ್ಳಿ ಅಂತಾರೆ. ಇನ್ನೊಬ್ಬರು ಫ್ಲಾಟ್ ಡೈ ಪೆಲೆಟ್ ಮಷಿನ್‌ಗೆ ಕೊಟೇಶನ್ ಕೊಟ್ಟಿದ್ದಾರೆ. ಮತ್ತೆ ಸಾಲ ಮಾಡುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು. ಯಾರಾದರೂ ಇದರಲ್ಲಿ ಕೆಲಸ ಮಾಡಿದ್ದೀರಾ?

ಹುಬ್ಬಳ್ಳಿ ದಾನಾ

ಅಣ್ಣಾ, ಗ್ರಾನ್ಯುಲೇಟರ್ ಅಂದಾಗ ನಮ್ಮ ಲೈನಿನವರು ಅಂತ ಓದೋಕೆ ಬಂದೆ. ನನ್ನದು ಪ್ಲಾಸ್ಟಿಕ್. ಹೆಸರು ಒಂದೇ ಇದ್ದರೂ ಕೆಲಸ ಪೂರ್ತಿ ಉಲ್ಟಾ. ನಿಮ್ಮದು ಸಣ್ಣದನ್ನು ಕೂಡಿಸಿ ಕಾಳು ಮಾಡುತ್ತದೆ. ನಮ್ಮದು ದೊಡ್ಡದನ್ನು ಕತ್ತರಿಸಿ ಚೂರು ಮಾಡುತ್ತದೆ. ಹಳೆ ಡ್ರಿಪ್ ಪೈಪು, ಒಡೆದ ಕೊಡ, ಕ್ರೇಟು ಎಲ್ಲ ಹಾಕಿದರೆ ತಿರುಗುವ ಬ್ಲೇಡು ಮತ್ತು ನಿಂತ ಬ್ಲೇಡಿನ ನಡುವೆ ಸಿಕ್ಕಿ ತುಂಡಾಗುತ್ತದೆ. ಜಾಲರಿಯ ತೂತು ದಾಟುವಷ್ಟು ಸಣ್ಣದಾದ ಮೇಲೆ ಕೆಳಗೆ ಬೀಳುತ್ತದೆ. ಆಮೇಲೆ ಕರಗಿಸಿ ಎಳೆ ತೆಗೆದು ಕತ್ತರಿಸಿದರೆ ದಾನಾ.

ನಿಮಗೆ ನೇರ ಉಪಯೋಗ ಆಗುವ ಮಾತು ನನ್ನ ಹತ್ತಿರ ಒಂದೇ ಇದೆ. ನಮ್ಮಲ್ಲೂ ದಾನಾ ಕೆಟ್ಟು ಬಂದರೆ ಮೊದಲು ಮಷಿನ್ ಮೇಲೆ ಅನುಮಾನ ಪಡುತ್ತಾರೆ. ಹತ್ತರಲ್ಲಿ ಎಂಟು ಸಲ ತಪ್ಪು ಒಳಗೆ ಹಾಕಿದ ಮಾಲಿನಲ್ಲಿ ಇರುತ್ತದೆ. ತೊಳೆಯುವ ತೊಟ್ಟಿಯಲ್ಲಿ ಪಿಪಿ ಮತ್ತು ಎಚ್‌ಡಿಪಿಇ ಜಾತಿಯ ಪ್ಲಾಸ್ಟಿಕ್ ತೇಲುತ್ತದೆ, ಪಿವಿಸಿ ಮುಳುಗುತ್ತದೆ. ಆ ಮುಳುಗಿದ್ದನ್ನು ತೆಗೆಯದೆ ಹಾಗೇ ಕರಗಿಸಿದವರ ಬ್ಯಾರೆಲ್ ಸುಟ್ಟದ್ದು ನೋಡಿದ್ದೇನೆ. ಹೊಸ ಮಷಿನ್‌ಗೆ ಮೊದಲು ನಿಮ್ಮ ಪುಡಿ ಹೇಗಿದೆ ನೋಡಿ.

ಗದಗ ಪೆಲೆಟ್

ದಾನಾ ಅಣ್ಣ ಸರಿಯಾಗಿ ಹೇಳಿದರು. ನಾನು ಏಳು ವರ್ಷ ತೋರಣಗಲ್ಲು ಕಡೆ ಕಬ್ಬಿಣದ ಅದಿರಿನ ಪೆಲೆಟ್ ಪ್ಲಾಂಟಿನಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ಅಲ್ಲಿಯ ಡಿಸ್ಕು 7.5 ಮೀಟರ್ ಅಗಲ. ನಿಮ್ಮದೇ ಮಷಿನ್, ಗಾತ್ರ ಮಾತ್ರ ಬೇರೆ. ಆ ಡಿಸ್ಕಿಗೆ ಹೋಗುವ ಅದಿರಿನ ಪುಡಿ ಮುಖಕ್ಕೆ ಹಚ್ಚುವ ಪೌಡರಿನ ಹಾಗೆ ನುಣುಪಾಗಿರುತ್ತದೆ. ನೂರಕ್ಕೆ 80 ಪಾಲು 45 ಮೈಕ್ರಾನ್‌ಗಿಂತ ಸಣ್ಣದು. ಅಷ್ಟು ನುಣುಪು ಇದ್ದರೇ ಕಾಳು ಕಟ್ಟುತ್ತದೆ. ಯಾಕೆ ಅಂದರೆ ಕಾಳನ್ನು ಹಿಡಿದಿಡುವುದು ಮಷಿನ್ ಅಲ್ಲ. ಕಣ ಮತ್ತು ಕಣದ ನಡುವೆ ನಿಂತ ನೀರಿನ ತೆಳು ಪದರ. ಕಣ ಸಣ್ಣದಾದಷ್ಟೂ ಒಂದಕ್ಕೊಂದು ತಾಗುವ ಜಾಗ ಜಾಸ್ತಿ, ಹಿಡಿತ ಜಾಸ್ತಿ. ಒರಟು ಪುಡಿಯಲ್ಲಿ ಆ ಹಿಡಿತ ಇರುವುದಿಲ್ಲ. ನೀರು ಜಾಸ್ತಿ ಹಾಕಿ ಹೇಗೋ ಉಂಡೆ ಮಾಡಿದರೂ ನೀರು ಆರಿದ ಮೇಲೆ ಬಿದ್ದು ಹೋಗುತ್ತದೆ. ನಿಮ್ಮ ಚೀಲದ ತಳದ ಪುಡಿ ಇದೇ ಅನ್ನಿಸುತ್ತದೆ.

ಗೊಬ್ಬರಕ್ಕೆ ಅಷ್ಟು ನುಣುಪು ಬೇಡ. ಆದರೆ 1 ಮಿಲಿಮೀಟರ್ ಜರಡಿ ದಾಟಲೇಬೇಕು.

ನಾಲ್ಕು ವಿಷಯ ತಿಳಿಸಿ. ಪುಡಿಯನ್ನು ಯಾವ ಜರಡಿಯಲ್ಲಿ ಹಿಡಿಯುತ್ತೀರಿ? ಪ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು? ಓರೆ ಎಷ್ಟು ಡಿಗ್ರಿ? ನೀರು ಹೇಗೆ ಹಾಕುತ್ತೀರಿ?

ರಾಣೆಬೆನ್ನೂರು ಎರೆಗೊಬ್ಬರ

ಸರ್, ತುಂಬಾ ಉಪಕಾರ. ಜರಡಿ 4 ಮಿಲಿಮೀಟರ್, ಎರೆಗೊಬ್ಬರ ಸೋಸುವುದೇ. ತಟ್ಟೆಗೆ ಸುಣ್ಣದ ಗುರುತು ಹಾಕಿ ಎಣಿಸಿದೆ, 32 ಸುತ್ತು. ಓರೆ 45 ಡಿಗ್ರಿ. ನೀರು ತಮ್ಮ ಪೈಪಿನಿಂದ ಬೆರಳು ಅಡ್ಡ ಹಿಡಿದು ಬಿಡುತ್ತಾನೆ. ಒಂದು ವಿಷಯ ಹೇಳಲು ಮರೆತಿದ್ದೆ. ಪುಡಿ ತಟ್ಟೆಗೆ ಅಂಟಿಕೊಂಡು ಮೇಲಿನ ತನಕ ಹೋಗುತ್ತದೆ, ಸಲೀಸಾಗಿ ಉರುಳುವುದಿಲ್ಲ.

ಗದಗ ಪೆಲೆಟ್

ಹಾಗಾದರೆ ನಾಲ್ಕೂ ಕಡೆ ಕೆಲಸ ಇದೆ. ಒಂದೊಂದೇ ನೋಡೋಣ, ಹೆದರಬೇಡಿ. ಯಾವುದಕ್ಕೂ ಜಾಸ್ತಿ ಖರ್ಚಿಲ್ಲ.

ಮೊದಲು ವೇಗ. ತಟ್ಟೆ ಒಂದು ಮಿತಿ ದಾಟಿ ತಿರುಗಿದರೆ ಮಾಲು ಅಂಚಿಗೆ ಒತ್ತಿಕೊಂಡು ಸುತ್ತುತ್ತದೆ, ಕೆಳಗೆ ಉರುಳುವುದಿಲ್ಲ. ಅದಕ್ಕೆ ಕ್ರಿಟಿಕಲ್ ಸ್ಪೀಡ್ ಅನ್ನುತ್ತಾರೆ. ಲೆಕ್ಕ ಸುಲಭ. 42.3 ಅನ್ನು ಮೀಟರಿನಲ್ಲಿರುವ ಅಗಲದ ವರ್ಗಮೂಲದಿಂದ ಭಾಗಿಸಿ, ಓರೆಯ ಸೈನ್ ಬೆಲೆಯ ವರ್ಗಮೂಲದಿಂದ ಗುಣಿಸಬೇಕು. 1.2 ಮೀಟರ್, 45 ಡಿಗ್ರಿಗೆ ಸುಮಾರು 32.5 ಬರುತ್ತದೆ. ನೀವು ಓಡಿಸುತ್ತಿರುವುದು 32! ಸರಿಯಾಗಿ ಮಿತಿಯ ಮೇಲೇ ಇದ್ದೀರಿ. ಕಾಳು ಕಟ್ಟಲು ಇದರ ಅರ್ಧದಿಂದ ಮುಕ್ಕಾಲು ಭಾಗ ಸಾಕು. ಅಂದರೆ 16ರಿಂದ 24.

ಸರಿಯಾದ ವೇಗದಲ್ಲಿ ಒಂದು ಚೆಂದದ ಕೆಲಸ ತಾನೇ ನಡೆಯುತ್ತದೆ. ಪುಡಿ ಮತ್ತು ಸಣ್ಣ ಕಾಳು ತಟ್ಟೆಯ ತಳಕ್ಕೆ ಇಳಿಯುತ್ತವೆ, ಎತ್ತರಕ್ಕೆ ಹೋಗಿ ಮತ್ತೆ ಉರುಳುತ್ತವೆ. ದೊಡ್ಡವು ಮೇಲೆ ತೇಲಿ ಅಂಚಿನ ಕಡೆ ಸರಿಯುತ್ತವೆ. ಗಾತ್ರ ಮುಟ್ಟಿದ ಕಾಳು ಮಾತ್ರ ಅಂಚು ದಾಟಿ ಹೊರಗೆ ಬೀಳುತ್ತದೆ. ತಟ್ಟೆಯ ಬದಲು ಡ್ರಮ್ ತಿರುಗುವ ಗ್ರಾನ್ಯುಲೇಟರಿನಲ್ಲಿ ಈ ವಿಂಗಡಣೆ ಇಲ್ಲ, ಎಲ್ಲ ಗಾತ್ರವೂ ಬೆರೆತು ಬರುತ್ತದೆ. ನಿಮ್ಮಂಥ ಸಣ್ಣ ಘಟಕಕ್ಕೆ ಪ್ಯಾನ್ ಒಳ್ಳೆಯ ಆಯ್ಕೆಯೇ. ತಂದದ್ದು ತಪ್ಪಲ್ಲ.

ಓರೆ ಜಾಸ್ತಿ ಮಾಡಿದರೆ ಕಾಳು ಬೇಗ ಹೊರಗೆ ಬರುತ್ತದೆ, ಸಣ್ಣದಾಗುತ್ತದೆ. ಕಡಿಮೆ ಮಾಡಿದರೆ ಒಳಗೇ ಉಳಿದು ದಪ್ಪ ಆಗುತ್ತದೆ. 50 ಡಿಗ್ರಿಗೆ ಏರಿಸಿ ನೋಡಿ.

ತಾರಿಹಾಳ ಫಿಟ್ಟರ್

ವೇಗ ಇಳಿಸಲು ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ತಗೊಳ್ಳಿ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಬೆಲ್ಟ್ ಡ್ರೈವ್ ಆಗಿದ್ದರೆ ಮೋಟರಿನ ಪುಲ್ಲಿ ಬದಲಿಸಿದರೆ ಸಾಕು. ಈಗ ಎಷ್ಟು ಇಂಚಿನದ್ದು? 6 ಇಂಚು ಇದ್ದರೆ 4 ಇಂಚಿನದ್ದು ಹಾಕಿ. 32 ಇದ್ದದ್ದು 21 ಚಿಲ್ಲರೆಗೆ ಇಳಿಯುತ್ತದೆ. ಹುಬ್ಬಳ್ಳಿಯಲ್ಲಿ ಯಾವ ಮಷಿನರಿ ಅಂಗಡಿಯಲ್ಲೂ ಸಿಗುತ್ತದೆ. ಬೆಲ್ಟು ಹೊಸ ಅಳತೆಯದ್ದು ಬೇಕಾಗಬಹುದು, ಇಲ್ಲ ಮೋಟರನ್ನು ಹಳಿಯ ಮೇಲೆ ಹಿಂದೆ ಸರಿಸಿ.

ಇನ್ನೊಂದು. ತಟ್ಟೆ ಕೆರೆಯುವ ಸ್ಕ್ರೇಪರ್ ಪಟ್ಟಿ ಇದೆಯಾ? ಅದನ್ನು ಲೋಹಕ್ಕೆ ತಾಗಿಸಿ ಕಟ್ಟಬೇಡಿ. ಒಂದೆರಡು ಸೆಂಟಿಮೀಟರ್ ಬಿಟ್ಟು ಕಟ್ಟಿ. ಅಷ್ಟು ದಪ್ಪ ಗೊಬ್ಬರದ ಹಾಸು ತಟ್ಟೆಯ ಮೇಲೆ ಸಮನಾಗಿ ಕೂರಬೇಕು. ಬರೀ ಲೋಹದ ಮೇಲೆ ಮಾಲು ಜಾರುತ್ತದೆ. ಗೊಬ್ಬರದ ಹಾಸಿನ ಮೇಲೆ ಉರುಳುತ್ತದೆ.

ತಟ್ಟೆ ಓಡುವಾಗ ಕೈ ಹಾಕಿ ಉಂಡೆ ತೆಗೆಯಬೇಡಿ. ತಮ್ಮನಿಗೂ ಹೇಳಿ. ನನ್ನ ಎಡಗೈಯ ಎರಡು ಬೆರಳು ಹೋದದ್ದು ಸ್ಕ್ರೇಪರ್ ಸಂದಿಯಲ್ಲೇ. ಒಂದು ಕ್ಷಣದ ಕೆಲಸ ಅಂದುಕೊಂಡಿದ್ದೆ. ಮೇನ್ ಸ್ವಿಚ್ ಆರಿಸಿ, ಫ್ಯೂಸ್ ತೆಗೆದು ಜೇಬಿನಲ್ಲಿ ಇಟ್ಟುಕೊಂಡೇ ಕೈ ಹಾಕಿ.

ಲಕ್ಷ್ಮೇಶ್ವರದ ಅಕ್ಕ

ನಾನು ಈ ಮಷಿನ್ ನೋಡಿಲ್ಲ. ಆದರೂ ಓದುತ್ತಾ ಓದುತ್ತಾ ಇದು ನಮ್ಮ ಕುಸುರೆಳ್ಳು ಅಲ್ವಾ ಅನ್ನಿಸಿತು. ನಮ್ಮ ಸಂಘದಲ್ಲಿ ಪ್ರತಿ ಸಂಕ್ರಾಂತಿಗೆ ಮಾಡಿ ಮಾರುತ್ತೇವೆ.

ಎಳ್ಳನ್ನು ತಟ್ಟೆಯಲ್ಲಿ ಹಾಕಿ ಸಣ್ಣ ಕೆಂಡದ ಮೇಲೆ ಇಟ್ಟು, ಸಕ್ಕರೆ ಪಾಕವನ್ನು ಚಮಚದಲ್ಲಿ ತುಸು ತುಸುವೇ ಬಿಟ್ಟು, ಬೆರಳಿನಿಂದ ಆಡಿಸುತ್ತಲೇ ಇರುತ್ತೇವೆ. ಒಂದು ಸಲ ಬಿಟ್ಟ ಪಾಕ ಆರಿದ ಮೇಲೇ ಇನ್ನೊಂದು ಸಲ. ಹೊಸ ಹುಡುಗಿಯರು ಅವಸರ ಮಾಡಿ ಎರಡು ಚಮಚ ಒಟ್ಟಿಗೆ ಬಿಡುತ್ತಾರೆ. ಎಳ್ಳೆಲ್ಲ ಗಂಟು ಕಟ್ಟಿ ಉಂಡೆ ಆಗಿಬಿಡುತ್ತದೆ. ನಿಮ್ಮ ನಿಂಬೆಹಣ್ಣು ಅದೇ ಇರಬೇಕು ತಮ್ಮಾ. ಪೈಪಿನ ನೀರು ಒಂದೇ ಕಡೆ ಬಿದ್ದರೆ ಗಂಟಾಗದೆ ಇನ್ನೇನಾಗುತ್ತದೆ?

ಮತ್ತೆ, ಎಳ್ಳು ಇರುವುದರಿಂದಲೇ ಕುಸುರು ಏಳುತ್ತದೆ. ಒಳಗೆ ಒಂದು ಬೀಜ ಬೇಕು. ನಿಮ್ಮ ಪುಡಿಯಲ್ಲಿ ಎಳ್ಳಿನ ಜಾಗದಲ್ಲಿ ಏನಿದೆ?

ಗದಗ ಪೆಲೆಟ್

ಅಕ್ಕಾ, ಏಳು ವರ್ಷದಲ್ಲಿ ಯಾವ ಇಂಜಿನಿಯರೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿಕೊಟ್ಟಿರಲಿಲ್ಲ. ನೂರಕ್ಕೆ ನೂರು ಅದೇ ಕೆಲಸ.

ಬೀಜದ ವಿಷಯ. ಜರಡಿ ಹಿಡಿದಾಗ 2 ಮಿಲಿಮೀಟರ್‌ಗಿಂತ ಸಣ್ಣ ಕಾಳು ಬರುತ್ತದಲ್ಲ, ಅದನ್ನು ಎಸೆಯಬೇಡಿ, ಪುಡಿಯ ಜೊತೆ ಮತ್ತೆ ಪ್ಯಾನಿಗೆ ಹಾಕಿ. ಅದೇ ಎಳ್ಳು. 4ಕ್ಕಿಂತ ದಪ್ಪ ಇರುವುದನ್ನು ಒಡೆದು ಪುಡಿ ಮಾಡಿ ವಾಪಸ್ ಹಾಕಿ. ದೊಡ್ಡ ಗೊಬ್ಬರ ಕಾರ್ಖಾನೆಗಳಲ್ಲೂ ಹೀಗೇ ತಿರುಗಿ ಹಾಕುತ್ತಾರೆ.

ನೀರಿಗೆ ಬೆನ್ನಿಗೆ ಹಾಕುವ ಔಷಧಿ ಪಂಪು ಸಾಕು. ಹೊಸದು ತಗೊಳ್ಳಿ, ಕಳೆನಾಶಕ ಹೊಡೆದದ್ದು ಬೇಡ. ಮಂಜಿನ ಹಾಗೆ ಬೀಳಬೇಕು. ಪುಡಿ ಇರುವ ಕಡೆ ಹೊಡೆದರೆ ಹೊಸ ಬೀಜ ಹುಟ್ಟುತ್ತದೆ. ಸಣ್ಣ ಕಾಳು ಉರುಳುವ ಕಡೆ ಹೊಡೆದರೆ ಅವು ಬೆಳೆಯುತ್ತವೆ. ಎರಡು ದಿನ ಕಣ್ಣಿಟ್ಟು ನೋಡಿದರೆ ಕೈಗೆ ತಾನೇ ಗೊತ್ತಾಗುತ್ತದೆ.

ಶಿಗ್ಗಾವಿ ಪೆಲೆಟ್ ಮಿಲ್

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಾನು ದನದ ಮೇವಿಗೆ ಫ್ಲಾಟ್ ಡೈ ಓಡಿಸುತ್ತೇನೆ. ತೂತಿರುವ ದಪ್ಪ ಉಕ್ಕಿನ ತಟ್ಟೆ, ಮೇಲೆ ರೋಲರ್. ಮಾಲನ್ನು ಒತ್ತಿ ತೂತಿನಿಂದ ಹೊರಗೆ ತಳ್ಳುತ್ತದೆ. ಶಾವಿಗೆ ಒತ್ತಿದ ಹಾಗೆ. ಪುಡಿ ಒರಟಾಗಿದ್ದರೂ, ನಾರು ಇದ್ದರೂ ನಡೆಯುತ್ತದೆ. ನೀರು ಕಡಿಮೆ ಸಾಕು, ಆದ್ದರಿಂದ ಒಣಗಿಸುವ ಕಷ್ಟವೂ ಕಡಿಮೆ. ಪ್ಯಾನ್ ಹಿಡಿತಕ್ಕೆ ಬರಲು ತಿಂಗಳು ಬೇಕು. ಇದನ್ನು ಒಂದು ವಾರದಲ್ಲಿ ಕಲಿಯಬಹುದು. ಕೊಟೇಶನ್ ಕೊಟ್ಟವರು ಸುಳ್ಳು ಹೇಳಿಲ್ಲ.

ತಾರಿಹಾಳ ಫಿಟ್ಟರ್

ಅಣ್ಣಾರೆ, ಮೇವಿಗೆ ನಿಮ್ಮ ಮಾತು ಸರಿ. ಎರೆಗೊಬ್ಬರದಲ್ಲಿ ಮಣ್ಣು, ಮರಳು ಬರುತ್ತದೆ. ಅದು ಡೈ ಮತ್ತು ರೋಲರನ್ನು ಉಜ್ಜಿ ತಿನ್ನುತ್ತದೆ. ತೂತು ಅಗಲವಾದ ಮೇಲೆ ಕಾಳು ಸಡಿಲ. ಕರೆಂಟೂ ಪ್ಯಾನಿಗಿಂತ ಬಹಳ ಜಾಸ್ತಿ, ಯಾಕೆಂದರೆ ಅಲ್ಲಿ ಮಾಲು ಉರುಳುವುದು ಮಾತ್ರ, ಇಲ್ಲಿ ಒತ್ತಬೇಕು. ಕಾಳು ಉದ್ದ ಕಡ್ಡಿಯ ಹಾಗೆ ಬರುತ್ತದೆ, ಕೂರಿಗೆಯ ತೂತಿನಲ್ಲಿ ಅಡ್ಡ ನಿಲ್ಲಬಹುದು.

ಶಿಗ್ಗಾವಿ ಪೆಲೆಟ್ ಮಿಲ್

ಮರಳಿನ ಮಾತು ಒಪ್ಪುತ್ತೇನೆ, ಅದು ನನಗೆ ಹೊಳೆದಿರಲಿಲ್ಲ. ಆದರೆ ಸಿಮೆಂಟು ನೆಲದ ಮೇಲೆ ಗೊಬ್ಬರ ಮಾಡಿದರೆ ಮರಳು ಬಹಳ ಕಡಿಮೆ ಆಗುತ್ತದೆ. ಒಣಗಿಸುವ ವಿಷಯದಲ್ಲಿ ನನ್ನ ಮಾತು ಬದಲಿಸುವುದಿಲ್ಲ. ಈ ಮಳೆಗಾಲದಲ್ಲಿ ಪ್ಯಾನಿನ ಹಸಿ ಕಾಳನ್ನು ಎಲ್ಲಿ ಒಣಗಿಸುತ್ತಾರೆ?

ಧಾರವಾಡ ಮಾತ್ರೆ

ಒಣಗಿಸುವ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ನಾನು ಔಷಧ ತಯಾರಿಕೆಯಲ್ಲಿ ಗ್ರಾನ್ಯುಲೇಶನ್ ವಿಭಾಗದಲ್ಲಿದ್ದವನು. ಮಾತ್ರೆ ಮಾಡುವಾಗಲೂ ಪುಡಿಯನ್ನು ಮೊದಲು ಕಾಳು ಮಾಡುತ್ತೇವೆ. ಕಾರಣ ನಿಮ್ಮ ಕೂರಿಗೆಯದ್ದೇ. ಪುಡಿ ಸಲೀಸಾಗಿ ಹರಿಯುವುದಿಲ್ಲ. ಅಚ್ಚಿಗೆ ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ ಬೀಳುತ್ತದೆ. 500 ಮಿಲಿಗ್ರಾಂ ಮಾತ್ರೆ ಪ್ರತಿಯೊಂದೂ 500 ಇರಬೇಕಲ್ಲ. ನೀರು ತಾಗಿದರೆ ಕೆಡುವ ಆಸ್ಪಿರಿನ್‌ನಂಥ ಔಷಧವನ್ನು ಒಣಗಿದ್ದಾಗಲೇ ಒತ್ತಿ ಗಟ್ಟಿ ಮಾಡಿ, ಒಡೆದು ಕಾಳು ಮಾಡುತ್ತಾರೆ. ಈಗಿನ ಮಷಿನ್‌ಗಳಲ್ಲಿ ಕಬ್ಬಿನ ಗಾಣದ ಹಾಗೆ ಎರಡು ರೋಲರ್ ನಡುವೆ ಒತ್ತುತ್ತಾರೆ. ಉಳಿದದ್ದಕ್ಕೆ ಹೆಚ್ಚಾಗಿ ಒದ್ದೆ ವಿಧಾನವೇ.

ನೀರು ಎಷ್ಟು ಅನ್ನುವುದಕ್ಕೆ ನಾವು ಕಲಿತ ಮೊದಲ ಪರೀಕ್ಷೆ ಮುಷ್ಟಿ. ಒಂದು ಹಿಡಿ ತಗೊಂಡು ಬಿಗಿಯಾಗಿ ಹಿಡಿಯಿರಿ. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು. ಬೆರಳಿನಿಂದ ಒತ್ತಿದರೆ ಎರಡು ಹೋಳಾಗಬೇಕು. ಉದುರಿದರೆ ನೀರು ಕಡಿಮೆ. ಅಂಗೈ ಒದ್ದೆಯಾಗಿ ಅಂಟಿದರೆ ಜಾಸ್ತಿ.

ಈಗ ಲೆಕ್ಕ. ಪ್ಯಾನಿನಿಂದ 35% ತೇವದ 1000 ಕೆಜಿ ಹಸಿ ಕಾಳು ಬಂತು ಅಂದುಕೊಳ್ಳಿ. ಅದರಲ್ಲಿ ಒಣ ಮಾಲು 650 ಕೆಜಿ. 15% ತೇವಕ್ಕೆ ಒಣಗಿಸಿದರೆ 765 ಕೆಜಿ ಉಳಿಯುತ್ತದೆ. 235 ಕೆಜಿ ನೀರು ಆವಿಯಾಗಬೇಕು. ಅದೇ 30% ತೇವದಲ್ಲಿ ಕಾಳು ಕಟ್ಟಿದರೆ 824 ಕೆಜಿ ಸಿಗುತ್ತದೆ, 176 ಕೆಜಿ ನೀರು ಹೋದರೆ ಸಾಕು. ಬರೀ 5% ವ್ಯತ್ಯಾಸ. ಆದರೆ ಒಂದು ಟನ್ ಒಣ ಕಾಳಿಗೆ ಹಿಡಿದರೆ 308 ಕೆಜಿ ನೀರು ಎಲ್ಲಿ, 214 ಎಲ್ಲಿ! ಪುಡಿ ನುಣುಪಾಗಿದ್ದರೆ ಕಡಿಮೆ ನೀರಿಗೇ ಕಾಳು ಕಟ್ಟುತ್ತದೆ. ಹಾಗಾಗಿ ಪಲ್ವರೈಜರಿಗೆ (ನುಣುಪಾಗಿ ಪುಡಿ ಮಾಡುವ ಮಷಿನ್) ಹಾಕಿದ ದುಡ್ಡು ಒಣಗಿಸುವಲ್ಲಿ ವಾಪಸ್ ಬರುತ್ತದೆ.

ಟ್ರೈಕೋಡರ್ಮಾ, ಅಜಟೋಬ್ಯಾಕ್ಟರ್ ಥರದ ಉಪಕಾರಿ ಸೂಕ್ಷ್ಮಜೀವಿ ಏನಾದರೂ ಸೇರಿಸುತ್ತಿದ್ದರೆ ಬಿಸಿ ಡ್ರೈಯರಿಗೆ ಮೊದಲು ಸೇರಿಸಬೇಡಿ, ಸತ್ತು ಹೋಗುತ್ತವೆ. ಕಾಳು ಒಣಗಿ ತಣ್ಣಗಾದ ಮೇಲೆ ತೆಳುವಾಗಿ ಸಿಂಪಡಿಸಿ, ನೆರಳಲ್ಲಿ ಆರಿಸಿ.

ಹಾವೇರಿ ಗೊಬ್ಬರದ ಅಂಗಡಿ

ಚೀಲದ ಮೇಲೆ ಹೆಸರು ಹಾಕಿ ಮಾರುವವರಿಗೆ ಒಂದು ಮಾತು. ಎರೆಗೊಬ್ಬರವೂ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ಬರುತ್ತದೆ. ತೇವ 15ರಿಂದ 25%, ಸಾವಯವ ಇಂಗಾಲ ಕನಿಷ್ಠ 18%, ನೂರಕ್ಕೆ 90 ಪಾಲು 4 ಮಿಲಿಮೀಟರ್ ಜರಡಿ ದಾಟಬೇಕು. ಕಾಳು ಗಟ್ಟಿಯಾಗಲಿ ಅಂತ ಬೆಂಟೊನೈಟ್ ಜೇಡಿ ಸುರಿಯುವವರನ್ನು ನೋಡಿದ್ದೇನೆ. ನಿಮ್ಮ ಗೊಬ್ಬರದಲ್ಲಿ ಇಂಗಾಲ 20% ಇದ್ದು, ಮಿಶ್ರಣದ ಹತ್ತನೇ ಒಂದು ಪಾಲು ಜೇಡಿ ಆದರೆ 18ಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಚೂರು ಜಾಸ್ತಿಯಾದರೂ ಸ್ಯಾಂಪಲ್ ಫೇಲ್.

ನರಗುಂದ ಎರೆಹೊಲ

ನಾನು ಕೊಳ್ಳುವವನ ಕಡೆಯಿಂದ ಹೇಳುತ್ತೇನೆ. ಗಟ್ಟಿ ಗಟ್ಟಿ ಅಂತ ಕಲ್ಲು ಮಾಡಬೇಡಿ. ಒಮ್ಮೆ ಒಂದು ಕಂಪನಿಯ ಸಾವಯವ ಕಾಳು ಗೊಬ್ಬರ ಹಾಕಿದ್ದೆ. ಕಡಲೆ ಕೀಳುವಾಗಲೂ ಕಾಳು ಹಾಗೇ ಮಣ್ಣಿನಲ್ಲಿ ಕೂತಿತ್ತು. ನಮ್ಮದು ಹಿಂಗಾರಿ ಭೂಮಿ, ಬಿತ್ತಿದ ಮೇಲೆ ಮಳೆ ಗ್ಯಾರಂಟಿ ಇಲ್ಲ. ಇದ್ದ ಹಸಿಯಲ್ಲೇ ಕಾಳು ಬಿಚ್ಚಿಕೊಳ್ಳಬೇಕು. ಒಂದು ಲೋಟ ನೀರಿಗೆ ಹತ್ತು ಕಾಳು ಹಾಕಿ ರಾತ್ರಿ ಬಿಟ್ಟು ನೋಡಿ. ಬೆಳಗ್ಗೆ ಕರಗಿರಬೇಕು.

ಚೀಲದಲ್ಲಿ ಒಡೆಯಬಾರದು, ಹೊಲದಲ್ಲಿ ಬಿಚ್ಚಬೇಕು. ಎರಡೂ ಆದರೆ ನಾನೇ ಊರಿಗೆಲ್ಲ ಹೇಳಿ ಮಾರಿಸುತ್ತೇನೆ.

ರಾಣೆಬೆನ್ನೂರು ಎರೆಗೊಬ್ಬರ

ಮೂರು ವಾರ ಆಯಿತು. ಏನೇನು ಮಾಡಿದೆವು ಹೇಳುತ್ತೇನೆ.

ಪುಲ್ಲಿ 6 ಇಂಚಿನದ್ದೇ ಇತ್ತು. 4 ಹಾಕಿದೆವು. ಈಗ 21 ಸುತ್ತು. ಓರೆ 50. ಸ್ವಿಚ್ ಹಾಕಿದ ಮೊದಲ ನಿಮಿಷದಲ್ಲೇ ವ್ಯತ್ಯಾಸ ಕಂಡಿತು. ಪುಡಿ ಮೇಲೆ ಹೋಗಿ ಜಲಪಾತದ ಹಾಗೆ ಉರುಳಿತು. ತಮ್ಮ ಕೂಗಿಬಿಟ್ಟ.

ಪುಡಿಯದ್ದು ದೊಡ್ಡ ಕೆಲಸವಾಯಿತು. ಊರಿನ ಖಾರ ಕುಟ್ಟುವ ಗಿರಣಿಯವರು ಗೊಬ್ಬರ ಬೇಡಪ್ಪ ಅಂದರು. ಅದೂ ನ್ಯಾಯವೇ. ಆಮೇಲೆ ಹಳೆಯ ಪಲ್ವರೈಜರ್ ಒಂದನ್ನು ಬಾಡಿಗೆಗೆ ತಂದು 1 ಮಿಲಿಮೀಟರ್ ಜಾಲರಿ ಹಾಕಿಸಿದೆವು. ಮೊದಲ ದಿನ ಹಸಿ ಗೊಬ್ಬರ ಹಾಕಿ ಜಾಲರಿ ಕಟ್ಟಿಕೊಂಡಿತು. ಈಗ ನೆರಳಲ್ಲಿ ಹರವಿ, ಮುಟ್ಟಿದರೆ ಒಣಗಿದ ಹಾಗೆ ಅನ್ನಿಸಿದ ಮೇಲೇ ಹಾಕುತ್ತೇವೆ. ದೂಳು ಬಹಳ ಏಳುತ್ತದೆ, ಇಬ್ಬರೂ ಮಾಸ್ಕ್ ಕಟ್ಟುತ್ತೇವೆ.

ನೀರಿಗೆ ಸ್ವಲ್ಪ ಕಾಕಂಬಿ ಬೆರೆಸಿ ಪಂಪಿನಲ್ಲಿ ಹೊಡೆದೆವು. ಜಾಸ್ತಿ ಹಾಕಿದ ದಿನ ಇರುವೆ ಬಂತು, ಬೂಸ್ಟೂ ಬಂತು. ಈಗ ಕಡಿಮೆ ಮಾಡಿದ್ದೇವೆ. ಲಕ್ಷ್ಮೇಶ್ವರದ ಅಕ್ಕ, ನೀವು ಹೇಳಿದ ಮೇಲೆ ತಮ್ಮ ಪಂಪು ಹೊಡೆಯುವಾಗಲೆಲ್ಲ ‘ಆರಲಿ, ಆಮೇಲೆ ಇನ್ನೊಂದು ಚಮಚ’ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಸಣ್ಣ ಕಾಳನ್ನು ವಾಪಸ್ ಹಾಕಲು ಶುರು ಮಾಡಿದ ದಿನದಿಂದ ನಿಂಬೆಹಣ್ಣು ನಿಂತೇ ಹೋಯಿತು.

ಮೊದಲು 100 ಕೆಜಿಯಲ್ಲಿ 2ರಿಂದ 4 ಮಿಲಿಮೀಟರಿನ ಕಾಳು 25 ಕೆಜಿ ಸಿಕ್ಕರೆ ಹೆಚ್ಚು. ಈಗ 60ರ ಆಸುಪಾಸು. ಎದೆ ಎತ್ತರದಿಂದ ಸಿಮೆಂಟು ನೆಲಕ್ಕೆ ಬಿಟ್ಟರೂ ಒಡೆಯುತ್ತಿಲ್ಲ. ಲೋಟದ ನೀರಿನಲ್ಲಿ ಬೆಳಗ್ಗೆ ಕರಗಿತ್ತು.

ಆದರೆ ಎಲ್ಲ ದಿನ ಒಂದೇ ಥರ ಬರುವುದಿಲ್ಲ. ಬೇರೆ ಬೇರೆ ತೊಟ್ಟಿಯ ಗೊಬ್ಬರ ಹಾಕಿದ ದಿನ ಮತ್ತೆ ಪುಡಿ. ಒಣಗಿಸುವುದೂ ಇನ್ನೂ ಬಗೆಹರಿದಿಲ್ಲ. ಹಸಿರುಮನೆಯ ಪ್ಲಾಸ್ಟಿಕ್ ಹಾಳೆಯ ಕೆಳಗೆ ತೆಳುವಾಗಿ ಹರವಿ ಒಣಗಿಸುತ್ತಿದ್ದೇವೆ. ಮಳೆ ಹಿಡಿದರೆ ಮೂರು ದಿನ, ಬಿಸಿಲಿದ್ದರೆ ಒಂದೇ ದಿನ. ಶಿಗ್ಗಾವಿ ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆಯೇ.

ಶಿಗ್ಗಾವಿ ಪೆಲೆಟ್ ಮಿಲ್

60 ಬಂತಾ! ಸಂತೋಷ ಆಯಿತು ತಮ್ಮಾ. ಹಾಳೆಯ ಎರಡೂ ತುದಿ ತೆರೆದಿಡಿ, ಒಂದು ಕಡೆ ಫ್ಯಾನ್ ಹಾಕಿ. ಬಿಸಿಗಿಂತ ಒಳಗಿನ ತೇವದ ಗಾಳಿ ಹೊರಗೆ ಹೋಗುವುದು ಮುಖ್ಯ. ಮುಚ್ಚಿಟ್ಟರೆ ನೀರು ಹಾಳೆಗೆ ಕಟ್ಟಿ ಮತ್ತೆ ಕಾಳಿನ ಮೇಲೇ ತೊಟ್ಟಿಕ್ಕುತ್ತದೆ.

ಧಾರವಾಡ ಮಾತ್ರೆ

ಬೇರೆ ತೊಟ್ಟಿಯ ಗೊಬ್ಬರವನ್ನು ನೇರ ಪ್ಯಾನಿಗೆ ಹಾಕಬೇಡಿ. ನಾಲ್ಕೈದು ತೊಟ್ಟಿಯದ್ದನ್ನು ಮೊದಲೇ ಒಂದು ರಾಶಿ ಮಾಡಿ, ಮೂರು ಸಲ ತಿರುವಿ, ಒಂದು ರಾತ್ರಿ ಮುಚ್ಚಿಡಿ. ತೇವ ಸಮ ಆಗುತ್ತದೆ. ತೇವ ಅಳೆಯುವುದು ಹೇಗೆ ಅಂತ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ಕೇಳಿ, ನಿಮಗೆ ಹತ್ತಿರ. ಪ್ರತಿ ರಾಶಿಯ ತೇವ, ಹೊಡೆದ ನೀರು, ಬಂದ ಕಾಳು ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ.

ನರಗುಂದ ಎರೆಹೊಲ

ಕಡಲೆ ಬಿತ್ತನೆಗೆ ಇನ್ನು ಜಾಸ್ತಿ ದಿನ ಇಲ್ಲ. ನನಗೆ ಎರಡು ಚೀಲ ಬೇಕು. ದುಡ್ಡು ಕೊಟ್ಟೇ ತಗೊಳ್ಳುತ್ತೇನೆ, ಪುಕ್ಕಟೆ ಬೇಡ. ಎರಡು ಎಕರೆಗೆ ನಿಮ್ಮದು, ಪಕ್ಕದಲ್ಲಿ ಮಾಮೂಲಿನ ಹಾಗೆ ಡಿಎಪಿ. ಕೂರಿಗೆಯಲ್ಲಿ ಹೇಗೆ ಬೀಳುತ್ತದೆ ಅಂತ ಇಲ್ಲಿಯೇ ಬರೆಯುತ್ತೇನೆ.

ರಾಣೆಬೆನ್ನೂರು ಎರೆಗೊಬ್ಬರ

ಖಂಡಿತ ಕಳಿಸುತ್ತೇನೆ ಅಣ್ಣಾರೆ. ಎರಡು ಎಕರೆಗೆ ಎರಡು ಚೀಲ ಸಾಲದು. ಸಾವಯವ ಗೊಬ್ಬರದಲ್ಲಿ ಸಾರಜನಕ, ರಂಜಕ ಡಿಎಪಿಯಷ್ಟು ಇರುವುದಿಲ್ಲ. ಎರಡನ್ನೂ ಚೀಲಕ್ಕೆ ಚೀಲ ಹೋಲಿಸಿದರೆ ನಿಮಗೇ ನಷ್ಟ. ಅರ್ಧ ಎಕರೆಗೆ ಹಾಕಿ ನೋಡಿ. ಕಳಿಸುವ ಮೊದಲು ಒಂದು ಸಹಾಯ ಮಾಡಿ. ನಿಮ್ಮ ಕೂರಿಗೆಯ ಗೊಬ್ಬರದ ಡಬ್ಬಿಯ ತೂತು ಎಷ್ಟು ಅಗಲ ಇದೆ ಅಂತ ಅಳೆದು ತಿಳಿಸಿ. ಅದಕ್ಕೆ ಹೊಂದುವ ಜರಡಿ ಹಿಡಿದೇ ಚೀಲ ಕಟ್ಟುತ್ತೇನೆ.